ತೂಬು ಎತ್ತಿದ ಕೆರೆ

೧೯೩೮ರ ಬೇಸಿಗೆ. ಮಾಸ್ತಿ ಕಡೆಯ ಒಂದು ಹಳ್ಳಿಯ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ರಜೆಗೆ ಹೋಗಲು ನನಗೆ ಯಾರೂ ಇರಲಿಲ್ಲ. ಶಾಲೆಯಲ್ಲೇ ಕೂತು ಪಾಠಕ್ಕೆಂದು ಮೋಡ, ಇಬ್ಬನಿ, ಕೆರೆಗಳ ಚಿತ್ರ ಬರೆದು, ಬಟ್ಟೆಗೆ ಹಾಕುವ ನೀಲಿಯನ್ನೇ ಕಲಸಿ ಬಳಿಯುತ್ತಿದ್ದೆ.

ಚಿತ್ರದ ಕೆರೆಗೆ ನಾನು ಮೇಲಿನ ಮೆಟ್ಟಿಲವರೆಗೂ ನೀಲಿ ತುಂಬಿದೆ. ಮರುದಿನ ಅದು ಒಂದು ಮೆಟ್ಟಿಲು ಇಳಿದಿತ್ತು. ಬರಿದಾದ ಕಾಗದ ತಣ್ಣಗಿತ್ತು, ಕೆಸರಿನ ವಾಸನೆ ಬರುತ್ತಿತ್ತು. ಮತ್ತೆ ತುಂಬಿದೆ, ಮತ್ತೆ ಇಳಿಯಿತು. ಮೋಡ, ಇಬ್ಬನಿ ಹಾಗೇ ಇದ್ದವು. ಊರ ಕೆರೆಯೋ ಒಣಗಿ ಬಿರುಕು ಬಿಟ್ಟಿತ್ತು.

ಮೂರನೆಯ ದಿನ ಕಸ ಗುಡಿಸಲು ಬಂದ ಕದಿರಮ್ಮ ಚಿತ್ರದ ಮುಂದೆ ನಿಂತಳು. ತೂಬು ಎತ್ತಿ ಗದ್ದೆಗಳಿಗೆ ಕೆರೆಯ ನೀರು ಬಿಡುತ್ತಿದ್ದ ನೀರುಗಂಟಿ ಗಂಗುಲಪ್ಪ ಅವಳ ಗಂಡ. ತೀರಿಕೊಂಡು ವರ್ಷವಾಗಿತ್ತು.

“ತೂಬು ಎತ್ತಿ ಬರ್ದಿದೀರಲ್ಲ ಸ್ವಾಮಿ, ನೀರು ಹೆಂಗೆ ನಿಲ್ತದೆ?”

ನನಗೆ ತಿಳಿಯದೆ ಆದ ತಪ್ಪು. ತಿದ್ದಲು ರಬ್ಬರು ತೆಗೆದುಕೊಂಡೆ. ಅವಳು ಕೈ ಅಡ್ಡ ಹಿಡಿದಳು.

“ಮುಚ್ಬೇಡಿ. ಮೂರು ದಿನದಿಂದ ಗದ್ದೇಲಿ ನಮ್ಮೋರ ಗುದ್ದಲಿ ಸದ್ದು ಕೇಳಿಸ್ತೈತೆ.”

ನಾನು ಮುಚ್ಚಲಿಲ್ಲ. ದಿನವೂ ತುಂಬಿದೆ. ನೀಲಿ ಮುಗಿದ ಬೆಳಿಗ್ಗೆ ಕದಿರಮ್ಮನೇ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. ಅವಳ ಕಾಲು ಮೊಣಕಾಲವರೆಗೂ ಹಸಿ ಕೆಸರಾಗಿತ್ತು.