ಅಂಟಿಲ್ಲದ ಹಲಗೆ

ಸಂಜೆ ಟೈಲರಿಂಗ್ ಅಂಗಡಿಯಿಂದ ಮನೆಗೆ ಬಂದವಳಿಗೆ ಕಂಡದ್ದು, ನಡುಮನೆಯ ಗೋಡೆಗೆ ಕಿವಿಯಿಟ್ಟು ನಿಂತಿದ್ದ ಅಪರಿಚಿತ ಗಂಡಸು.

"ಪಕ್ಕದ ಮನೆಯವರ ಮಾತು ಕೇಳಿಸ್ಕೊಳ್ತಿದೀರಾ?" ಎಂದಳು, ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡದೆ.

ಅವನು ತಿರುಗಿದ. ಕಿವಿಗೆ ಸುಣ್ಣ ಮೆತ್ತಿತ್ತು. "ಗೋಡೆ ಮಾತು ಕೇಳ್ತಿದೀನಿ. ಒಳಗೆಲ್ಲ ಪೊಳ್ಳು."

ಅಣ್ಣ ಕರೆಸಿದ್ದ ಪ್ಯಾನೆಲ್ ಕೆಲಸದವನು. ಗಾರೆ ಉಬ್ಬಿ, ಒದ್ದೆ ಕಲೆ ಮೇಲಿನವರೆಗೂ ಹತ್ತಿದ್ದ ಆ ಗೋಡೆಯನ್ನು ಮೂರೇ ದಿನದಲ್ಲಿ ಹಲಗೆ ಹೊಡೆದು ಮುಚ್ಚಬೇಕಿತ್ತು. ಅಣ್ಣ ಒಪ್ಪಿಕೊಂಡಿದ್ದ ಸಂಬಂಧದವರು ಬಂದು ಅವಳ ಮದುವೆಯ ದಿನ ಗೊತ್ತು ಮಾಡುವವರಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಅದು ಗೊತ್ತಿದ್ದೇ ಅಣ್ಣ ಕೇಳಿರಲಿಲ್ಲ.

ಪ್ಯಾನೆಲಿನವನು ಮಾತ್ರ ಅಣ್ಣನಿಗೆ ಸೊಪ್ಪು ಹಾಕಲಿಲ್ಲ. ಒದ್ದೆ ಗೋಡೆ ಮುಚ್ಚಿದರೆ ಒಳಗೇ ಕೊಳೆಯುತ್ತದೆ, ಮೊದಲು ಗೋಡೆಯೊಳಗೆ ಒಡೆದಿರುವ ನೀರಿನ ಪೈಪು ಸರಿಮಾಡಿ ಒಣಗಿಸಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟ. ಅಣ್ಣ ಮುಖ ಗಂಟಿಕ್ಕಿಕೊಂಡ. ಅವಳಿಗೋ, ಎಷ್ಟೋ ದಿನಗಳ ಮೇಲೆ ಮನಸಾರೆ ನಗು ಬಂತು. ಸಂಬಂಧದವರ ಭೇಟಿ ಮೂರು ವಾರ ಮುಂದೆ ಹೋಯಿತು.

ಆ ಮೂರು ವಾರ ಅವಳು ಅಂಗಡಿಯಿಂದ ಬೇಗ ಬೇಗ ಬಂದಳು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದನ್ನು ಅವನು ಕಲಿಸಿದ. ಅಂಟು ಹಿಡಿದ ಹಲಗೆಯ ದನಿ ಗಟ್ಟಿ, ಹಿಡಿಯದ್ದು ಖಾಲಿ ಡಬ್ಬ. ಅಂಟು ಬಳಿಯದೆ ಬರೀ ಸ್ಕ್ರೂ ಹಾಕಿ ಹೋಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅವನ ಅಳತೆಯಲ್ಲಿ ಅವಳು ಅರ್ಧ ಇಂಚು ತಪ್ಪು ಹಿಡಿದ ದಿನ ಟೇಪಿನ ಒಂದು ತುದಿಯನ್ನು ಅವಳ ಕೈಗೇ ಕೊಟ್ಟ. ಇನ್ನೊಂದು ತುದಿ ಹಿಡಿದು ನಿಂತವನು ಅಳತೆ ಬಿಟ್ಟು ಅವಳನ್ನು ನೋಡುತ್ತಿದ್ದ. ಅವಳು ನೋಡಿದರೆ ಕಿವಿ ಕೆಂಪಗೆ ಮಾಡಿಕೊಂಡು ಗೋಡೆಯತ್ತ ತಿರುಗುತ್ತಿದ್ದ.

ಬಾಯಿ ಬಿಡಲಿ ಎಂದು ಅವಳು ಕಾದದ್ದೇ ಬಂತು. ಕೊನೆಯ ಹಲಗೆಯ ಹೊತ್ತಿಗೆ ನೀರು ಬೇಕೆಂದು ಅವಳನ್ನು ಒಳಗೆ ಕಳಿಸಿದ. ಬರುವಷ್ಟರಲ್ಲಿ ಸ್ಕ್ರೂ ತಿರುಗಿಸಿ ಮುಗಿಸಿದ್ದ. ನೀರು ಕುಡಿದು ಹೊರಟೇಹೋದ.

ಸಂಬಂಧದವರು ಬರಲಿದ್ದ ಭಾನುವಾರ ಬೆಳಿಗ್ಗೆ ಧೂಳು ಒರೆಸುತ್ತ, ಕಲಿತ ಅಭ್ಯಾಸಕ್ಕೆ ಒಂದೊಂದೇ ಹಲಗೆ ತಟ್ಟಿದಳು. ಕಿಟಕಿ ಪಕ್ಕದ ಕೊನೆಯ ಹಲಗೆ ಖಾಲಿ ಡಬ್ಬ. ಕೆಲಸಗಳ್ಳ ಎಂದು ಬೈದುಕೊಂಡಳು. ಮರುಗಳಿಗೆಯೇ ಕೈ ನಿಂತಿತು. ಆ ಮನುಷ್ಯ ಅಂಟು ಮರೆಯುವವನೇ ಅಲ್ಲ. ಬೇಕೆಂದೇ ಬಿಟ್ಟಿದ್ದಾನೆ.

ಅಷ್ಟರಲ್ಲಿ ಸಂಬಂಧದವರು ಬಂದರು. ಗೋಡೆಯನ್ನು ಬಾಯ್ತುಂಬ ಹೊಗಳಿದರು. ಉಳಿದ ತುಂಡುಗಳನ್ನು ಒಯ್ಯಲು ಬಂದ ಪ್ಯಾನೆಲಿನವನು ಜನ ಕಂಡು ಬಾಗಿಲಲ್ಲೇ ನಿಂತ. ಗೋಡೆಯ ಹೊಗಳಿಕೆಗೆ ಅಣ್ಣ ಉಬ್ಬಿಹೋಗಿ, "ನನ್ನ ತಂಗೀನೂ ಅಷ್ಟೇ, ಹಾಕಿದ ಗೆರೆ ದಾಟಲ್ಲ" ಎಂದ.

ಅವಳು ಎದ್ದು, ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದಳು. ನಾಲ್ಕೇ ಸ್ಕ್ರೂ. ಅಣ್ಣ ಏನಿದು ಏನಿದು ಎನ್ನುತ್ತಿದ್ದಂತೆ ಹಲಗೆ ಕೈಗೆ ಬಂತು. ಒಣಗಿದ ಗಾರೆಯ ಮೇಲೆ ಪೆನ್ಸಿಲಿನ ಬರಹ, ಅವನು ಅಳತೆ ಬರೆಯುವ ಅದೇ ಪುಟ್ಟ ಅಕ್ಷರ. ಎಲ್ಲರಿಗೂ ಕೇಳುವಂತೆ ಓದಿದಳು.

"ನೀವಂದ್ರೆ ನನಗೆ ಪ್ರಾಣ. ಎದುರಿಗೆ ಹೇಳೋ ಧೈರ್ಯ ಇಲ್ಲ."

ಬಂದವರು ಲೋಟ ಕೆಳಗಿಟ್ಟರು. ಮುಚ್ಚು ಅದನ್ನ ಎಂದು ಅಣ್ಣ ಹಲ್ಲು ಕಚ್ಚಿದ.

"ಮುಚ್ಚಲ್ಲ ಅಣ್ಣಾ. ನನ್ನನ್ನ ಒಂದು ಮಾತು ಕೇಳದೆ ಗೊತ್ತುಮಾಡಿದ ಮದುವೆ ನನಗೆ ಬೇಡ." ಬಂದವರ ತಪ್ಪೇನಿಲ್ಲವೆಂದು ಅವರಿಗೂ ಹೇಳಿದಳು. ಆಮೇಲೆ ಬಾಗಿಲಿನ ಕಡೆ ತಿರುಗಿದಳು. "ಗೋಡೆಗೋಸ್ಕರ ಅಣ್ಣನ ಹತ್ರ ಜಗಳ ಆಡಿದ್ರಿ. ನನಗೋಸ್ಕರ ಆಗಲ್ವಾ?"

ಅವನು ಒಳಗೆ ಬಂದ. ಕೂತವರ ನಡುವೆಯೇ ನಡೆದು ಅವಳೆದುರು ನಿಂತ. ಅಣ್ಣನ ಕಡೆ ನೋಡಲೂ ಇಲ್ಲ.

"ನನ್ನ ಮದುವೆ ಆಗ್ತೀರಾ?"

ಆ ಮನೆಯಲ್ಲಿ ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅವನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಗೋಡೆಯ ಮೇಲೆ ಅವನ ಅಕ್ಷರದ ಕೆಳಗೆ, ಬಾಗಿಲಿನಿಂದಲೂ ಕಾಣುವಷ್ಟು ದೊಡ್ಡದಾಗಿ ಬರೆದಳು: ಹೂಂ.