ತಮ್ಮನಿಗಾಗಿ ಅತ್ತವರು

ಟಿವಿ ವಾಹಿನಿಯೊಂದರಲ್ಲಿ ಪ್ರೇಕ್ಷಕರ ಫೋನ್ ತೆಗೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ನಮ್ಮ ದೆವ್ವದ ಧಾರಾವಾಹಿಯಲ್ಲಿ ಅಕ್ಕನ ಪಾತ್ರ ಸತ್ತ ಮರುದಿನ ಬೆಳಗಿನಿಂದಲೇ ಕರೆಗಳ ಸುರಿಮಳೆ. ಕೆಲವರು ಗೋಳೋ ಎಂದು ಅತ್ತರು, ಒಬ್ಬರು ನನ್ನ ವಂಶವನ್ನೇ ಜಾಲಾಡಿದರು. ಮಧ್ಯಾಹ್ನ ಎಂದಿನಂತೆ ಒಬ್ಬಳೇ ಊಟದ ಡಬ್ಬಿ ತೆರೆಯುವಾಗ ವಯಸ್ಸಾದ ಹೆಂಗಸೊಬ್ಬರ ಕರೆ ಬಂತು.

“ಊಟ ಆಯ್ತೇನಮ್ಮಾ?” ಎಂದರು. ಆ ಕುರ್ಚಿಯಲ್ಲಿ ಕೂತ ಆರು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಆಮೇಲೆ ಬಿಕ್ಕಿದರು. “ತಮ್ಮನ್ನ ಯಾಕಮ್ಮಾ ಸಾಯಿಸಿದ್ರಿ?”

“ಸತ್ತಿದ್ದು ಅಕ್ಕ, ಅಮ್ಮಾ. ತಮ್ಮ ಚೆನ್ನಾಗೇ ಇದ್ದಾನೆ.”

“ಈಗ ತಾನೇ ನೋಡ್ದೆ. ಬಾವಿಗೆ ಬಿದ್ದ.”

ಅವರ ಹಿಂದೆ ಟಿವಿಯಲ್ಲಿ ನೀರಿನ ಸದ್ದು, ತಮ್ಮನ ಪಾತ್ರ ಮಾಡುವ ನಟನ ಕೂಗು ಕೇಳಿಸಿತು. ಕಿವಿಗೆ ಹಿಡಿದ ರಿಸೀವರ್ ತಣ್ಣಗಾಗುತ್ತಾ ಹೋಯಿತು. ಆ ಹೊತ್ತಿನಲ್ಲಿ ನಮ್ಮ ವಾಹಿನಿಯಲ್ಲಿ ಅಡುಗೆ ಕಾರ್ಯಕ್ರಮ ಬರುತ್ತಿತ್ತು.

ಮೂರು ವಾರದ ನಂತರ ಕಥೆ ಬರೆಯುವವರು ತಮ್ಮನನ್ನು ಬಾವಿಗೆ ಬೀಳಿಸಿ ಧಾರಾವಾಹಿ ಮುಗಿಸಿದರು. ಆ ಕರೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಮರುದಿನ ನೂರಾರು ಜನ ಫೋನಿನಲ್ಲಿ ಅತ್ತರು. ಆ ವಯಸ್ಸಾದ ಹೆಂಗಸು ಮಾತ್ರ ಫೋನ್ ಮಾಡಲಿಲ್ಲ. ಮನಸ್ಸು ತಡೆಯದೆ, ಬರೆದಿಟ್ಟುಕೊಂಡಿದ್ದ ಅವರ ನಂಬರಿಗೆ ನಾನೇ ಫೋನ್ ಮಾಡಿದೆ.

“ಸ್ವಲ್ಪ ಇರಮ್ಮಾ, ಧಾರಾವಾಹಿ ನೋಡ್ತಾ ಇದೀನಿ,” ಎಂದರು ಖುಷಿಯಿಂದ.

ಅವರ ಹಿಂದೆ ಟಿವಿಯಲ್ಲಿ ಅಕ್ಕ, ತಮ್ಮ ಇಬ್ಬರೂ ಗಹಗಹಿಸಿ ನಗುವುದು ಕೇಳುತ್ತಿತ್ತು. ಸಂಚಿಕೆ ಮುಗಿಯುವವರೆಗೂ ನಾನು ಫೋನ್ ಇಡದೆ ಕೂತಿದ್ದೆ. ಅಂಥ ದೃಶ್ಯವನ್ನು ನಮ್ಮವರು ಎಂದೂ ಚಿತ್ರೀಕರಿಸಿರಲಿಲ್ಲ.