ಟೇಪಿನ ಇನ್ನೊಂದು ತುದಿ

"ಆ ಮನೆಯಲ್ಲಿ ಯಾರಿಗೂ ಟೇಪಿನ ತುದಿ ಹಿಡ್ಕೊ ಅನ್ನಬೇಡ," ಎಂದು ಮೊಳೆ ಮೇಷ್ಟ್ರು ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಖಾಲಿ ಮನೆ ಅಲ್ವಾ ಸಾರ್ ಅದು? ಯಾರಿಗೆ ಅನ್ನಲಿ?"

"ಅದಕ್ಕೇ ಹೇಳ್ತಿರೋದು."

ಅಂಗಿಯ ಜೇಬಿನಿಂದ ಉದ್ದನೆಯ ಮೊಳೆಯೊಂದನ್ನು ತೆಗೆದು ಅವಳ ಮುಂದಿಟ್ಟರು. ಆ ಮೊಳೆ ಆಫೀಸಿಗೆಲ್ಲ ಪರಿಚಿತ. ಮನೆಯ ಮೇಲೆ ಸಾಲ ಕೊಡುವ ಮುಂಚೆ ಬ್ಯಾಂಕಿನವರು ಕಳಿಸುತ್ತಾರಲ್ಲ, ಗೋಡೆ ಅಳೆದು, ಬಿರುಕು ನೋಡಿ, ಅಕ್ಕಪಕ್ಕದ ಮನೆಗಳ ಜೊತೆ ತೂಗಿ ಇದರ ಬೆಲೆ ಇಷ್ಟು ಎಂದು ಬರೆಯುವವರನ್ನು, ಆ ವ್ಯಾಲ್ಯುಯರ್‌ಗಳೆಲ್ಲ ಜೋಡಿಯಾಗಿಯೇ ಹೋಗುವುದು. ಒಬ್ಬರು ಬಟ್ಟೆ ಟೇಪಿನ ಉಂಗುರವನ್ನು ಗೋಡೆಗೊತ್ತಿ ಹಿಡಿದರೆ ಇನ್ನೊಬ್ಬರು ಎಳೆದು ಓದುತ್ತಾರೆ. ಮೇಷ್ಟ್ರು ಮಾತ್ರ ಒಂಟಿ. ಮೂಲೆಯಲ್ಲಿ ಮೊಳೆ ಹೊಡೆದು, ಉಂಗುರ ಸಿಕ್ಕಿಸಿ, ತಾವೇ ಎಳೆದುಕೊಂಡು ಹೋಗುತ್ತಿದ್ದರು. ಕಲಿಯಲು ಬಂದವರ ಕೈಗೆ ಪೆನ್ಸಿಲ್ ಕೊಟ್ಟಾರು, ಟೇಪು ಕೊಟ್ಟವರಲ್ಲ. ಮದುವೆಯಲ್ಲಿ ಹೆಂಡತಿಯ ಕೈಯನ್ನೂ ಮೊಳೆಗೇ ಸಿಕ್ಕಿಸಿದ್ದರೇನೋ ಎಂದು ಅವಳೊಮ್ಮೆ ಹೇಳಿ, ಚಹಾ ಕುಡಿಯುತ್ತಿದ್ದವರಿಗೆಲ್ಲ ನೆತ್ತಿಗೇರಿಸಿದ್ದಳು.

ಆ ಮನೆಯ ಕತೆಯನ್ನು ಅವರೇ ಹೇಳಿದರು. ಅಣ್ಣತಮ್ಮಂದಿರು ಮನೆ ಪಾಲು ಮಾಡಲು ಅಳತೆಗೆ ಜನ ಕರೆಸಿದ್ದರಂತೆ. ಪಾಲು ಒಪ್ಪದ ಅಣ್ಣ ಎಲ್ಲಿಂದಲೋ ಮಾಟ ಮಾಡಿಸಿಕೊಂಡು ಬಂದ. ಮನೆಯಷ್ಟೇ ಉದ್ದದ ಕರಿದಾರ, ಅದರ ತುಂಬ ಗಂಟು. ಹಿಂದಿನ ಕೋಣೆಯ ಗೋಡೆಯೊಳಗೆ ಅದನ್ನು ತುರುಕಿ ಗಾರೆ ಮೆತ್ತಿದ. ಈ ಮನೆ ಅಳೆದ ಕೈಗೆ ಇನ್ನು ಯಾವ ಮನೆಯೂ ಮನೆ ಅನ್ನಿಸದಿರಲಿ ಎಂದು ಶಪಿಸಿದ. ಆಮೇಲೆ ಅಣ್ಣನೂ ಅಲ್ಲಿ ಬಾಳಲಿಲ್ಲ, ತಮ್ಮನೂ ಬಾಳಲಿಲ್ಲ.

ಬೇರೆ ಮನೆಯ ಕೆಲಸ ಬರುವ ತನಕ ಕಾಯು ಎಂದರು ಮೇಷ್ಟ್ರು. ಅವಳಿಗೆ ಕಾಯುವ ತಾಳ್ಮೆ ಎಲ್ಲಿತ್ತು? ಇದೊಂದು ಮನೆಯ ವರದಿಗೆ ಅವರ ಸಹಿ ಬಿದ್ದರೆ ಅವಳ ಕಲಿಕೆ ಮುಗಿದು ಲೈಸೆನ್ಸ್ ಬರುತ್ತಿತ್ತು. ಲೈಸೆನ್ಸ್ ಬಂದರೆ ಕೆಲಸ ಕಾಯಂ. ಕೆಲಸ ಕಾಯಂ ಆದರೆ ಅಮ್ಮನಿಗೊಂದು ಸ್ವಂತ ಮನೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ತುಂಬಿ ಅಮ್ಮನ ಬೆನ್ನು ಬಾಗಿತ್ತು. ಬಿಟ್ಟುಬಂದ ಒಂದೊಂದು ಮನೆಯ ವಾಸನೆಯೂ ಮಗಳಿಗೆ ಕಣ್ಣು ಮುಚ್ಚಿದರೆ ಬರುತ್ತಿತ್ತು. ಎಲ್ಲದರಲ್ಲೂ ಅಮ್ಮನ ತಲೆಗೆಣ್ಣೆಯ ಘಮ ಬೆರೆತಿರುತ್ತಿತ್ತು.

ಆ ಮನೆಗೆ ಜೊತೆ ಬರಲು ಯಾರೂ ಒಪ್ಪದೆ, ಅವಳು ಒಬ್ಬಳೇ ಹೊರಟಳು. ಮೊಳೆ ಮೇಜಿನ ಮೇಲೆಯೇ ಉಳಿಯಿತು.

ಹೊರಗೆ ಸುಡುವ ಮಧ್ಯಾಹ್ನ. ಬಾಗಿಲು ತಳ್ಳಿದೊಡನೆ ಬಿಸಿಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಒಳಗೆ ಹಸಿ ಸುಣ್ಣದ, ಇಲಿ ಹಿಕ್ಕೆಯ, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಚಿಟ್ಟ ಬಟ್ಟೆಯ ವಾಸನೆ. ಅವಳ ಹೆಜ್ಜೆಯ ಸದ್ದನ್ನು ಗೋಡೆಗಳು ಹಿಂತಿರುಗಿಸಲಿಲ್ಲ, ಕುಡಿದುಕೊಂಡವು. ಹಜಾರವನ್ನೂ ಅಡುಗೆಮನೆಯನ್ನೂ ಲೇಸರ್ ಯಂತ್ರದಲ್ಲಿ ಚಕಚಕನೆ ಅಳೆದಳು. ಕೆಂಪು ಚುಕ್ಕೆ ಎದುರು ಗೋಡೆಗೆ ಬಿದ್ದು ಅಂಕಿ ಮೂಡುತ್ತಿತ್ತು.

ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲಲ್ಲಿ ನಿಂತು ಗುಂಡಿ ಒತ್ತಿದಳು. ಕೆಂಪು ಚುಕ್ಕೆ ಎಲ್ಲೂ ಬೀಳಲಿಲ್ಲ. ಕತ್ತಲೊಳಗೆ ಹೋಯಿತು, ಹೋಗುತ್ತಲೇ ಇತ್ತು. ಯಂತ್ರದಲ್ಲಿ ಅಂಕಿ ಬರಲಿಲ್ಲ. ಹಾಳು ಯಂತ್ರ, ಎಂದು ಬೈದು ಚೀಲದಿಂದ ಟೇಪು ತೆಗೆದಳು. ಕೈಯಿಂದ ತಡವರಿಸುತ್ತ ಹೋಗಿ ಗೋಡೆಯ ಬುಡದಲ್ಲಿ ಉಂಗುರವಿಟ್ಟು, ಮೇಲೊಂದು ಇಟ್ಟಿಗೆ ಚೂರು ಹೇರಿ, ಬಾಗಿಲತ್ತ ಎಳೆದುಕೊಂಡು ಬಂದಳು. ಉಂಗುರ ಜಾರಿತು. ಮತ್ತೆ ಇಟ್ಟಳು. ಮತ್ತೆ ಜಾರಿತು. ಬೆವರು ಕಣ್ಣಿಗಿಳಿಯಿತು. ಜೊತೆಗಾರರೊಂದಿಗೆ ದಿನವೂ ಮಾಡಿದ ಕೆಲಸ. ದಿನವೂ ಆಡಿದ ಮಾತು. ಅದು ನಾಲಿಗೆಯಿಂದ ತಾನಾಗಿ ಉದುರಿತು.

"ಒಂಚೂರು ಹಿಡ್ಕೊಳ್ರೀ."

ಟೇಪು ಬಿಗಿಯಾಯಿತು.

ಅವಳು ಅಂಕಿ ಓದಿದಳು. ಬರೆದುಕೊಂಡಳು ಕೂಡ. ಆಮೇಲಷ್ಟೇ ಕೈ ನಿಂತಿತು.

ಆ ತುದಿಯಿಂದ ಒಂದು ಸಣ್ಣ ಜಗ್ಗು. ಕೆಲಸ ಬಲ್ಲವರು ಸಡಿಲು ತೆಗೆಯಲು ಜಗ್ಗುತ್ತಾರಲ್ಲ, ಹಾಗೆ. ಸಾವಧಾನದ ಜಗ್ಗು. ಟೇಪಿನ ಮೇಲೆ ತಣ್ಣಗಿನದೇನೋ ಹರಿದು ಬಂತು. ಹೆಬ್ಬೆರಳಿಗೆ ಜೋಮು. ಅಂಗೈಗೆ. ಮೊಣಕೈಗೆ. ಹಸಿ ಸುಣ್ಣದ ವಾಸನೆ ಆರಿತು. ಇಲಿಯ ವಾಸನೆ ಆರಿತು. ಟೇಪು ಬಿಡಬೇಕು. ಬೆರಳೆಲ್ಲಿವೆ? ಸಿಗಲಿಲ್ಲ. ಮತ್ತೊಂದು ಜಗ್ಗು. ಕಾಲು ಒಂದು ಹೆಜ್ಜೆ ಒಳಗೆ ಹೋಯಿತು. ಕತ್ತಲಲ್ಲಿ ಯಾರೋ ಉಸಿರು ಬಿಟ್ಟರು. ಹೆದರಿಕೆಯೂ ಆರುತ್ತಿತ್ತು. ಅದೇ ಹೆಚ್ಚು ಹೆದರಿಸಿತು. ಗೋಡೆ ಕೆರೆದು ನೋಡುವ ಚಾಕು ಎಡಗೈಗೆ ತಾಕಿತು. ಕೊಯ್ದಳು. ಟೇಪು ತುಂಡಾಯಿತು. ಓಡಿದಳು.

ಬಿಸಿಲಿಗೆ ಕಾದು ಕೆಂಡವಾಗಿದ್ದ ಕಬ್ಬಿಣದ ಗೇಟನ್ನು ಹಿಡಿದು ಏದುಸಿರು ಬಿಡುತ್ತ ನಿಂತಳು. ಹೆಬ್ಬೆರಳ ಚರ್ಮ ಬೊಬ್ಬೆ ಎದ್ದದ್ದು ಕಣ್ಣಿಗೆ ಕಂಡಿತು. ಕೈಗೆ ತಿಳಿಯಲಿಲ್ಲ.

ಆಫೀಸಿಗೆ ಮರಳಿದವಳ ಹೆಬ್ಬೆರಳನ್ನು ಮೇಷ್ಟ್ರು ನೋಡಿದರು. ಆಗತಾನೇ ಕುದಿಸಿದ ಚಹಾದ ಲೋಟ ಅವಳ ಕೈಗಿತ್ತು, ತಾವೂ ಒಂದನ್ನು ಮುಷ್ಟಿಯಲ್ಲಿ ಬಳಸಿ ಹಿಡಿದರು.

"ಸುಡ್ತಿದೆಯಾ?"

"ಇಲ್ಲ ಸಾರ್."

"ನನಗೂ ಇಲ್ಲ."

ಎಳೆಯ ವಯಸ್ಸಿನಲ್ಲಿ ಅದೇ ಕೋಣೆಗೆ ತಾವೂ ಹೋಗಿದ್ದರಂತೆ. ವರದಿಗೆ ಸಹಿ ಹಾಕಿ ಅವಳತ್ತ ಸರಿಸಿ, ದನಿ ತಗ್ಗಿಸಿ ಹೇಳಿದರು. "ಅದು ಟೇಪಿನಲ್ಲೇ ಹೋಗುತ್ತೆ. ನೀನು ಅಳೆಯುವಾಗ ಆ ಕಡೆ ಯಾರಾದ್ರೂ ಹಿಡಿದ್ರೆ ಅವರಿಗೆ ಹತ್ತುತ್ತೆ, ನಿನ್ನನ್ನ ಬಿಡುತ್ತೆ. ಮದ್ದು ಅಂತ ಇರೋದು ಅದೊಂದೇ. ಬೇಡ ಮಗಳೇ. ಮೊಳೆ ಇಟ್ಕೊ."

ಈ ಸಲ ಅವಳು ನಗಲಿಲ್ಲ. ಮೊಳೆ ಇಟ್ಟುಕೊಂಡಳು.

ಲೈಸೆನ್ಸ್ ಬಂತು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಮುಲಾಜಿಲ್ಲದ ವ್ಯಾಲ್ಯುಯರ್ ಎಂದು ಬ್ಯಾಂಕಿನವರು ಅವಳನ್ನೇ ಕೇಳಿ ಕರೆಸತೊಡಗಿದರು. ಮನೆ ಕಳೆದುಕೊಳ್ಳುವ ಹೆಂಗಸೊಬ್ಬಳು ಅವಳೆದುರು ಗೋಡೆಗೆ ತಲೆಯಾನಿಸಿ ಅತ್ತಾಗ, ಅವಳು ಆ ತಲೆಯ ಹಿಂದಿನ ತೇವದ ಕಲೆಯನ್ನು ಗುರುತು ಹಾಕಿಕೊಂಡಳು. ಬೆಳಗ್ಗೆ ಅಮ್ಮ ಜಡೆ ಹೆಣೆಯುವಾಗ ಕನ್ನಡಿಯಲ್ಲಿ ಬೆರಳಾಡುವುದು ಕಾಣುತ್ತಿತ್ತು, ನೆತ್ತಿಗೆ ಏನೂ ತಿಳಿಯುತ್ತಿರಲಿಲ್ಲ. ಎಣ್ಣೆಗೆ ಘಮವಿರಲಿಲ್ಲ. ಸಂಜೆ ಬಂದು ಬಾಗಿಲಾಚೆ ಚಪ್ಪಲಿ ಬಿಟ್ಟು, ಒಳಗೆ ಕರೆಯಲಿ ಎಂದು ಕಾಯುತ್ತ ನಿಲ್ಲುತ್ತಿದ್ದಳು, ಪರರ ಮನೆಗೆ ಬಂದವಳಂತೆ. ಅಮ್ಮ ಮೊದಮೊದಲು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು.

ಹಾಗೂ ಹೀಗೂ ಸ್ವಂತ ಮನೆಯಾಯಿತು. ಎರಡೇ ಕೋಣೆ, ಆಗಷ್ಟೇ ಬಳಿದ ಸುಣ್ಣ. ಬೀಗದಕೈ ಸಿಕ್ಕಿದ ಬೆಳಗ್ಗೆ ಅಮ್ಮ ಗೋಡೆಗೋಡೆಗೂ ಅಂಗೈ ತಾಗಿಸುತ್ತ ಸಣ್ಣ ಹುಡುಗಿಯಂತೆ ಓಡಾಡಿದಳು. ಇಲ್ಲಿ ಮಂಚ, ಇಲ್ಲಿ ನಿನ್ನ ಮೇಜು, ಇನ್ನು ಆ ಗೋಣಿಚೀಲಗಳನ್ನೆಲ್ಲ ಸುಟ್ಟುಬಿಡೋಣ ಎಂದಳು. ಮಗಳು ಎಂದಿನಂತೆ ಟೇಪು ತೆಗೆದಳು. ಜೇಬಿನಿಂದ ಮೊಳೆಯನ್ನೂ.

"ಅಯ್ಯೋ ಪುಟ್ಟೀ, ಹೊಸ ಗೋಡೆಗೆ ಮೊಳೆ ಹೊಡೀತೀಯಾ? ನಾನಿಲ್ವಾ? ಕೊಡಿಲ್ಲಿ."

ಅಮ್ಮ ಉಂಗುರ ಕಸಿದುಕೊಂಡು ಎದುರು ಗೋಡೆಗೆ ನಡೆದಳು. ಬೇಡ ಎನ್ನಲು ಬಾಯಿ ತೆರೆಯಿತು. ಟೇಪು ಬಿಗಿಯಾಯಿತು. ಅಮ್ಮ ಸಡಿಲು ತೆಗೆಯಲು ಸಣ್ಣಗೆ ಜಗ್ಗಿದಳು.

ಹೆಬ್ಬೆರಳು ಬೆಚ್ಚಗಾಯಿತು.

ಗೇಟಿಗೆ ಸುಟ್ಟುಕೊಂಡ ಹಳೆಯ ನೋವು ಈಗ ಬಂದು ಚುರ್ ಎಂದಿತು. ಎಂಥ ಸಿಹಿ ನೋವು. ಅಂಗೈಗೆ ರಕ್ತ ಇಳಿಯಿತು. ಹೊಸ ಸುಣ್ಣದ ವಾಸನೆ ಬಂತು. ಅದರ ಹಿಂದೆಯೇ, ತೆಳುವಾಗಿ, ತಲೆಗೆಣ್ಣೆಯ ಘಮ.

"ಕೈ ಯಾಕೋ ಜೋಮು ಹಿಡೀತಿದೆ ಕಣೆ," ಎಂದಳು ಅಮ್ಮ. "ಬಿಡ್ಲಾ?"

ಬಿಡು ಎನ್ನಬೇಕಿತ್ತು. ಒಂದು ಮಾತು. ಕೈಯಲ್ಲಿದ್ದ ಟೇಪನ್ನು ತಾನೇ ಬಿಟ್ಟಿದ್ದರೂ ಸಾಕಿತ್ತು. ಬೆರಳುಗಳು ಎಲ್ಲಿವೆ ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಘಮ ಗಾಢವಾಗುತ್ತಿತ್ತು. ಮನೆ, ಎಂದಿತು ಎದೆ, ಮನೆ.

"ಇನ್ನೊಂಚೂರು ಹಿಡ್ಕೊಮ್ಮ."

ಅಮ್ಮ ಹಿಡಿದುಕೊಂಡಳು.

ಉಂಗುರ ನೆಲಕ್ಕೆ ಬಿದ್ದು ಟಣ್ ಎಂದಾಗ ಮಗಳ ಕಣ್ಣಿಂದ ನೀರಿಳಿಯುತ್ತಿತ್ತು, ಕೆನ್ನೆಗೆ ಅದರ ಬಿಸಿ ತಿಳಿಯುತ್ತಿತ್ತು. ಅಮ್ಮ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಗೋಡೆಗಳನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೊರಗೆ ನಡೆದು, ಹೊಸ್ತಿಲಾಚೆ ನಿಂತಳು. ಒಳಗೆ ಕರೆಯಲಿ ಎಂದು ಕಾಯುತ್ತ.